ಹೊಲ ಕಾಯುವ ನಾಯಿಗೆ ಹಸಿ ಮಾಂಸ: ಎಷ್ಟು, ಹೇಗೆ, ಯಾವುದು ಬೇಡ

ಮುಧೋಳ ನಾಯಿ ಸಾಕಿದವರು, ಕುರಿ ಹಿಂಡಿನ ಜೊತೆ ನಾಯಿ ಇಟ್ಟುಕೊಂಡವರು, ತೋಟದ ಮನೆಗೆ ಕಾವಲು ನಾಯಿ ತಂದವರು ಮತ್ತೆ ಮತ್ತೆ ಇದನ್ನೇ ಕೇಳುತ್ತಾರೆ. ಹಸಿ ಮಾಂಸ ಹಾಕಬಹುದಾ? ಹಾಕಿದರೆ ನಾಯಿ ಕೆರಳುತ್ತಾ? ರೊಟ್ಟಿ ಪೂರ್ತಿ ಬಿಡಿಸಬೇಕಾ?

ಮೊದಲು ಚಿಕ್ಕ ಉತ್ತರ. ಹಸಿ ಮಾಂಸ ತಿಂದ ಮಾತ್ರಕ್ಕೆ ಯಾವ ನಾಯಿಯೂ ಕಚ್ಚಲು ಶುರು ಮಾಡುವುದಿಲ್ಲ. ರೊಟ್ಟಿ ಬಿಡಿಸಬೇಕಾಗಿಯೂ ಇಲ್ಲ. ಹಸಿ ಮಾಂಸ ಹಾಕಬಹುದು, ಆದರೆ ಎರಡು ವಿಷಯದಲ್ಲಿ ಸಡಿಲ ಬಿಡುವ ಹಾಗಿಲ್ಲ: ಒಂದು ಮೂಳೆ, ಇನ್ನೊಂದು ಹುಳ. ನಮ್ಮ ಕಡೆ ಹಸಿ ಮಾಂಸದಿಂದ ಆಗುವ ತೊಂದರೆ ಹೆಚ್ಚಾಗಿ ಎರಡು ದಾರಿಯಲ್ಲಿ ಬರುತ್ತದೆ. ಮೂಳೆಯಿಲ್ಲದ ಬರೀ ಮಾಂಸ ತಿಂಗಳುಗಟ್ಟಲೆ ಹಾಕುವುದು. ಮಟನ್ ಅಂಗಡಿಯವರು ಪುಕ್ಕಟೆ ಕೊಟ್ಟ ಶ್ವಾಸಕೋಶ, ಲಿವರನ್ನು ಹಾಗೇ ಎಸೆಯುವುದು. ಈ ಲೇಖನದ ಅರ್ಧ ಭಾಗ ಇವೆರಡರ ಬಗ್ಗೆಯೇ ಇದೆ.

ಕೆಲಸದ ನಾಯಿ ಎಂದರೆ ಹಿಂಡು ಕಾಯುವ, ರಾತ್ರಿ ಹೊಲ ಸುತ್ತುವ, ದಿನಾ ಓಡಾಟ ಇರುವ ನಾಯಿ. ಮನೆಯಲ್ಲಿ ಮಲಗಿರುವ ನಾಯಿಗೆ ಇಲ್ಲಿನ ಅಳತೆ ಜಾಸ್ತಿಯಾಗುತ್ತದೆ. ಪೊಲೀಸ್ ಅಥವಾ ಸೇನೆಯ ನಾಯಿ ನೋಡಿಕೊಳ್ಳುವವರು ತಮ್ಮ ಘಟಕದ ಪಶುವೈದ್ಯರನ್ನು ಕೇಳದೆ ಏನನ್ನೂ ಬದಲಿಸಬೇಡಿ.

ಯಾರಿಗೆ ಬೇಡ

ಮನೆಯಲ್ಲಿ ಎಳೆ ಮಕ್ಕಳು, ಬಸುರಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಅಥವಾ ತೀರಾ ವಯಸ್ಸಾದವರಿದ್ದು, ನಾಯಿ ಒಳಗೆಲ್ಲ ಓಡಾಡುತ್ತಿದ್ದರೆ ಮಾಂಸ ಬೇಯಿಸಿಯೇ ಹಾಕಿ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ನಾಯಿಗೆ ಏನೂ ಆಗದೆ ಇರಬಹುದು, ಆದರೆ ಅದರ ಬಾಯಿ ಮತ್ತು ಮಲದಿಂದ ಮನುಷ್ಯರಿಗೆ ದಾಟುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸದ ಆಹಾರ ಬೇಡ ಎಂದು ಹೇಳಿತು. ಅದನ್ನು ತಿಳಿದುಕೊಂಡೇ ಮುಂದಿನ ನಿರ್ಧಾರ ಮಾಡಿ.

ಕಿಡ್ನಿ ತೊಂದರೆ ಇರುವ, ಮೇದೋಜೀರಕ ಗ್ರಂಥಿಯ ಊತ ಬಂದು ಹೋದ ನಾಯಿಗಳಿಗೂ ಇದು ಬೇಡ. ಮರಿಗಳ ವಿಷಯ 3ನೇ ಹಂತದಲ್ಲಿ ಬರುತ್ತದೆ. ಹೊಸದಾಗಿ ಶುರು ಮಾಡುವವರು ಮರಿಯಿಂದ ಶುರು ಮಾಡಲೇಬೇಡಿ.

ಇನ್ನೊಂದು ಮಾತು. ಮನೆಯಲ್ಲಿ ಫ್ರೀಜರ್ ಇಲ್ಲ, ಅಂಗಡಿ ದೂರ, ವಾರಕ್ಕೊಮ್ಮೆ ಮಾತ್ರ ಸಂತೆಗೆ ಹೋಗುವುದು ಎನ್ನುವವರು ಹಸಿ ಮಾಂಸದ ಆಸೆ ಬಿಡಿ. ಬೇಯಿಸಿದ ಮಾಂಸಕ್ಕೆ ಕ್ಯಾಲ್ಸಿಯಂ ಸೇರಿಸಿ ಹಾಕಿದರೆ ನಾಯಿ ಅಷ್ಟೇ ಗಟ್ಟಿಮುಟ್ಟಾಗಿ ಇರುತ್ತದೆ.

1. ನಾಯಿಯ ತೂಕ ನೋಡಿ

ಅಂದಾಜಿನಲ್ಲಿ ಹಾಕಬೇಡಿ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ವ್ಯತ್ಯಾಸ ಬರೆದುಕೊಳ್ಳಿ. ಊರಿನ ರೇಷನ್ ಅಂಗಡಿಯಲ್ಲೋ ಗೊಬ್ಬರದ ಅಂಗಡಿಯಲ್ಲೋ ಚೀಲ ತೂಗುವ ತಕ್ಕಡಿ ಇದ್ದೇ ಇರುತ್ತದೆ.

ಬೆಳೆದ ನಾಯಿಗೆ ದಿನಕ್ಕೆ ಮೈತೂಕದ ಶೇ. 2ರಿಂದ 3ರಷ್ಟು ಹಸಿ ಆಹಾರ ಸಾಕು. ದಿನವಿಡೀ ಹಿಂಡಿನ ಜೊತೆ ನಡೆಯುವ ನಾಯಿಗೆ ಶೇ. 4ರವರೆಗೆ ಬೇಕಾಗಬಹುದು. 24 ಕೆಜಿ ತೂಗುವ ಮುಧೋಳ ನಾಯಿ ರಾತ್ರಿ ತೋಟ ಕಾಯುತ್ತದೆ ಅಂದುಕೊಳ್ಳಿ. ಶೇ. 3 ಎಂದರೆ 720 ಗ್ರಾಂ, ಲೆಕ್ಕಕ್ಕೆ ಸುಲಭವಾಗಲಿ ಎಂದು 700 ಹಿಡಿಯೋಣ.

ಇದು ಶುರುವಿನ ಅಳತೆ ಅಷ್ಟೇ. ಆಮೇಲೆ ನಾಯಿಯ ಮೈ ನೋಡಿ ಹೆಚ್ಚು ಕಡಿಮೆ ಮಾಡಿ. ಪಕ್ಕೆ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದಾಗ ಎಲುಬು ಒಂದೊಂದಾಗಿ ಕೈಗೆ ಸಿಗಬೇಕು. ಒತ್ತಿ ಹುಡುಕುವಂತಿದ್ದರೆ ಕೊಬ್ಬು ಜಾಸ್ತಿಯಾಗಿದೆ. ಮುಧೋಳದಂಥ ಓಟದ ತಳಿಗಳಲ್ಲಿ ಕೊನೆಯ ಎರಡು ಮೂರು ಪಕ್ಕೆಲುಬು ಕಣ್ಣಿಗೆ ಕಾಣುವುದು ಸಹಜ. ನೆಂಟರು ಬಂದು "ಪಾಪ, ನಾಯಿ ಬಡಕಲಾಗಿದೆ" ಅಂದರೂ ಅನ್ನ ಸುರಿಯಲು ಹೋಗಬೇಡಿ. ಆದರೆ ಬೆನ್ನುಮೂಳೆ, ಸೊಂಟದ ಮೂಳೆ ಎದ್ದು ಕಂಡರೆ ಅದು ಸಹಜ ಅಲ್ಲ.

2. ತಟ್ಟೆಗೆ ಏನೇನು

ಹಸಿ ಆಹಾರ ಹಾಕುವವರಲ್ಲಿ ಬಹಳಷ್ಟು ಜನ ಬಳಸುವ ಲೆಕ್ಕ 80–10–10. ನೂರರಲ್ಲಿ 80 ಭಾಗ ಮಾಂಸ, 10 ಭಾಗ ತಿನ್ನಬಹುದಾದ ಮೂಳೆ, 10 ಭಾಗ ಒಳಾಂಗ. ಒಳಾಂಗದಲ್ಲಿ ಅರ್ಧ ಲಿವರ್, ಇನ್ನರ್ಧ ಕಿಡ್ನಿ ಅಥವಾ ಗುಲ್ಮ. ಕೋಳಿಯ ಗುಂಡಿಗೆ ಮತ್ತು ಗಿಜರ್ಡ್ ನೋಡಲು ಒಳಾಂಗದಂತಿದ್ದರೂ ಇಲ್ಲಿ ಮಾಂಸದ ಲೆಕ್ಕಕ್ಕೇ ಸೇರುತ್ತವೆ.

ನಮ್ಮ 700 ಗ್ರಾಂ ಹೀಗಾಗುತ್ತದೆ:

ಕೋಳಿಯ ಬೆನ್ನಿನ ಭಾಗ, ಮಾಂಸ ಮೂಳೆ ಎರಡೂ ಸೇರಿ: 200 ಗ್ರಾಂ
ಮೂಳೆಯಿಲ್ಲದ ಮಾಂಸ, ಗುಂಡಿಗೆ, ಗಿಜರ್ಡ್: 430 ಗ್ರಾಂ
ಕೋಳಿ ಲಿವರ್: 35 ಗ್ರಾಂ
ಬೇಯಿಸಿದ ಕುರಿ ಕಿಡ್ನಿ ಅಥವಾ ಗುಲ್ಮ: 35 ಗ್ರಾಂ

ಕುರಿಯದ್ದನ್ನು ಮಾತ್ರ ಬೇಯಿಸಿ ಎಂದಿದ್ದೇಕೆ ಎಂಬುದು 4ನೇ ಹಂತದಲ್ಲಿದೆ. ಪ್ರತಿದಿನ ಗ್ರಾಂ ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ, ವಾರದ ಒಟ್ಟು ಸರಿಯಾದರೆ ಸಾಕು. ಲಿವರ್ ವಿಷಯದಲ್ಲಿ ಮಾತ್ರ ಕೈ ಬಿಗಿ ಇರಲಿ. ಅಗ್ಗಕ್ಕೆ ಸಿಗುತ್ತದೆ ಎಂದು ದಿನಾ ಬಟ್ಟಲು ತುಂಬ ಹಾಕಿದರೆ ವಿಟಮಿನ್ ಎ ಮೈಯಲ್ಲಿ ಶೇಖರವಾಗಿ ಕೀಲು ಮೂಳೆಗಳೇ ಹಾಳಾಗುತ್ತವೆ.

ರೊಟ್ಟಿಯ ವಿಷಯಕ್ಕೆ ಬರೋಣ. "ಹಸಿ ಮಾಂಸ ಹಾಕಿದ ಮೇಲೆ ಧಾನ್ಯ ಮುಟ್ಟಿಸಬಾರದು" ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಾವಿರಾರು ವರ್ಷ ಮನುಷ್ಯರ ಜೊತೆ ಬದುಕಿದ ನಾಯಿ ಪಿಷ್ಟ ಅರಗಿಸಿಕೊಳ್ಳುವುದನ್ನು ಕಲಿತಿದೆ, ತೋಳಕ್ಕೂ ಅದಕ್ಕೂ ಇರುವ ವ್ಯತ್ಯಾಸಗಳಲ್ಲಿ ಇದೂ ಒಂದು. ಮುಧೋಳ ಭಾಗದಲ್ಲಿ ಜೋಳದ ರೊಟ್ಟಿ, ಹಾಲು ತಿಂದೇ ಈ ತಳಿ ಬೆಳೆದು ಬಂದಿದೆ. ಕೆಲಸದ ರೀತಿಯನ್ನೂ ನೋಡಿ. ಅಲಾಸ್ಕಾದ ಹಿಮಗಾಡಿ ಎಳೆಯುವ ನಾಯಿಗಳು ಪಂದ್ಯದ ದಿನಗಳಲ್ಲಿ ಸುಮಾರು 10,000 ಕ್ಯಾಲೊರಿ ತಿನ್ನುತ್ತವೆ, ಬಹುಪಾಲು ಕೊಬ್ಬಿನಿಂದ. ದಿನಗಟ್ಟಲೆ ಒಂದೇ ಸಮನೆ ಓಡುವ ಕೆಲಸ ಅದು, ಚಳಿಯೂ ವಿಪರೀತ. ನಮ್ಮ ಮುಧೋಳ ಹಾಗಲ್ಲ, ಒಂದು ಕ್ಷಣ ಬಾಣದಂತೆ ಓಡಿ ಆಮೇಲೆ ಮಲಗುವ ನಾಯಿ. ಅದೇ ಬಗೆಯ ಗ್ರೇಹೌಂಡ್ ನಾಯಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಪಿಷ್ಟ ಕಡಿಮೆ ಮಾಡಿ ಪ್ರೋಟೀನ್ ಏರಿಸಿದಾಗ ಅವುಗಳ ಓಟ ನಿಧಾನವಾಯಿತು. ಹಾಗಾಗಿ ಒಟ್ಟು ಆಹಾರದ ಕಾಲು ಭಾಗದಷ್ಟು ಜೋಳದ ರೊಟ್ಟಿಯನ್ನೋ ರಾಗಿ ಮುದ್ದೆಯನ್ನೋ ಇಟ್ಟುಕೊಳ್ಳಿ, ಅಷ್ಟು ಮಾಂಸ ಕಡಿಮೆ ಮಾಡಿ. ಮೂಳೆ ಕಡಿಮೆ ಮಾಡಬೇಡಿ.

ಮೊಟ್ಟೆ ಬೇಯಿಸಿ ಹಾಕಿ. ಮೀನನ್ನೂ ಬೇಯಿಸಿಯೇ ಹಾಕಿ: ಹಲವು ಹಸಿ ಮೀನುಗಳಲ್ಲಿ ಬಿ1 ವಿಟಮಿನ್ ಕೆಡಿಸುವ ಅಂಶ ಇರುತ್ತದೆ. ಕರಾವಳಿಯವರಿಗೆ ವಾರಕ್ಕೊಂದೆರಡು ಸಲ ಬೂತಾಯಿ ಒಳ್ಳೆಯ ಆಯ್ಕೆ. ಹಂದಿ ಮಾಂಸ ಹಸಿ ಬೇಡವೇ ಬೇಡ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಬಿದ್ದ ಸಾರು ಯಾವುದೂ ಬೇಡ.

ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಇರುವುದರಿಂದ ದೊಡ್ಡ ಪ್ರಾಣಿಯ ಮಾಂಸ ಎಲ್ಲ ಕಡೆ ಸಿಗುವುದಿಲ್ಲ. ಕೋಳಿ, ಕುರಿ, ಮೀನಿನಲ್ಲೇ ಲೆಕ್ಕ ಮುಗಿಸಬಹುದು. ನಾಯಿ ಬಿಟ್ಟು ಮೊಲ, ಕಾಡುಹಂದಿ ಹಿಡಿಸುವುದಂತೂ ವನ್ಯಜೀವಿ ಕಾಯ್ದೆಯಡಿ ಅಪರಾಧ.

3. ಮೂಳೆ

ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಕ್ಯಾಲ್ಸಿಯಂಗಿಂತ ರಂಜಕ 15–20 ಪಟ್ಟು ಇರುತ್ತದೆ. ನಾಯಿಗೆ ಬೇಕಾದದ್ದು ಹೆಚ್ಚು ಕಡಿಮೆ ಸಮಸಮ, ಕ್ಯಾಲ್ಸಿಯಂ ತುಸು ಮೇಲು. ಬರೀ ಮಾಂಸ ಹಾಕುತ್ತಾ ಹೋದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಕೊಡುತ್ತದೆ. ಬೆಳೆದ ನಾಯಿಯಲ್ಲಿ ಇದು ಬೇಗ ಗೊತ್ತಾಗುವುದಿಲ್ಲ. ಮರಿಯಲ್ಲಿ ಕೆಲವೇ ವಾರಗಳಲ್ಲಿ ಕಾಣುತ್ತದೆ: ಮುಂಗಾಲು ಸೊಟ್ಟಗಾಗುತ್ತದೆ, ಮರಿ ಎದ್ದು ನಿಲ್ಲಲು ಹಿಂಜರಿಯುತ್ತದೆ, ಕಟ್ಟೆಯಿಂದ ಜಿಗಿದರೆ ಸಾಕು, ಮೂಳೆ ಮುರಿಯುತ್ತದೆ. "ಚೆನ್ನಾಗಿ ಬೆಳೆಯಲಿ" ಎಂದು ಪ್ರೀತಿಯಿಂದ ಬರೀ ಖೀಮಾ ಹಾಕಿದ ಮರಿಗಳಿಗೇ ಹೀಗಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಮರಿಗಳಿಗೆ ಪಶುವೈದ್ಯರು ಬರೆದುಕೊಟ್ಟ ಅಳತೆ ಇಲ್ಲದೆ ಹಸಿ ಆಹಾರ ಬೇಡ ಎಂದು ಒತ್ತಿ ಹೇಳುತ್ತೇನೆ.

ಕೊಡಬಹುದಾದ ಮೂಳೆ: ಕೋಳಿಯ ಬೆನ್ನು, ಕತ್ತು, ರೆಕ್ಕೆ. ಕತ್ತು ಬೆನ್ನುಗಳ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮೂಳೆಯೇ ಇರುತ್ತದೆ. ಆದ್ದರಿಂದ 200 ಗ್ರಾಂ ಹಾಕಿದರೆ ನಮಗೆ ಬೇಕಾದ 70 ಗ್ರಾಂ ಮೂಳೆ ಸಿಕ್ಕಿತು. ಬರೀ ಕತ್ತನ್ನೇ ದಿನಾ ಹಾಕಬೇಡಿ. ಗಂಟಲ ಹತ್ತಿರದ ಥೈರಾಯ್ಡ್ ಗ್ರಂಥಿ ಅಂಟಿಕೊಂಡು ಬಂದರೆ ನಾಯಿಯ ಹಾರ್ಮೋನ್ ಏರುಪೇರಾಗುತ್ತದೆ.

ಕೊಡಬಾರದ್ದು: ಬೇಯಿಸಿದ ಮೂಳೆ, ಯಾವ ಪ್ರಾಣಿಯದ್ದೇ ಆಗಲಿ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹಬ್ಬದ ಮಾರನೇ ದಿನ ಎಲೆಯಲ್ಲಿ ಉಳಿದ ಮೂಳೆಯನ್ನು ನಾಯಿಗೆ ಹಾಕುವ ರೂಢಿಯನ್ನು ಮನೆಯವರಿಗೆಲ್ಲ ಹೇಳಿ ನಿಲ್ಲಿಸಿ. ದೊಡ್ಡ ನಳಿ ಮೂಳೆಯೂ ಬೇಡ, ಅದನ್ನು ಕಡಿಯಲು ಹೋಗಿ ದವಡೆ ಹಲ್ಲು ಸೀಳುತ್ತದೆ. ಅಂಗಡಿಯವರು ಮಚ್ಚಿನಲ್ಲಿ ಕೊಚ್ಚಿದ ಕುರಿ ಮೂಳೆಯ ತುಂಡು ಕೈಗೆತ್ತಿಕೊಂಡು ನೋಡಿ, ಒಂದು ಬದಿ ಸೂಜಿಯಷ್ಟು ಮೊನಚಾಗಿರುತ್ತದೆ. ಕೋಳಿ ಬೆನ್ನನ್ನು ಕೊಚ್ಚಿಸದೆ ಇಡಿಯಾಗಿ ತನ್ನಿ. ಇಡೀ ತುಂಡಾದರೆ ನಾಯಿ ಅಗಿದು ತಿನ್ನುತ್ತದೆ, ಚಿಕ್ಕದಾದರೆ ನುಂಗುತ್ತದೆ.

ಗಬಗಬ ನುಂಗುವ ನಾಯಿಯಾದರೆ ಮೂಳೆಯ ಗೊಡವೆಯೇ ಬೇಡ. ಮೊಟ್ಟೆ ಸಿಪ್ಪೆಯನ್ನು 10 ನಿಮಿಷ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ. ಮೂಳೆಯಿಲ್ಲದ ಅರ್ಧ ಕೆಜಿ ಮಾಂಸಕ್ಕೆ ಅರ್ಧ ಟೀ ಚಮಚ ಪುಡಿ ಸಾಕು. ಬೇಯಿಸಿ ಹಾಕುವವರಿಗೂ ಇದೇ ಅಳತೆ.

4. ಹುಳ

ಇದನ್ನು ಓದದೆ ಮುಂದೆ ಹೋಗಬೇಡಿ, ನಾಯಿಗಿಂತ ಜಾಸ್ತಿ ನಿಮ್ಮ ಮನೆಯವರಿಗೆ ಸಂಬಂಧಿಸಿದ್ದು ಇದು.

ಕುರಿ, ಆಡು, ದನ, ಎಮ್ಮೆಗಳ ಲಿವರ್ ಮತ್ತು ಶ್ವಾಸಕೋಶ ಕತ್ತರಿಸುವಾಗ ಕೆಲವೊಮ್ಮೆ ಬಿಳಿ ಪೊರೆಯ ನೀರು ಗುಳ್ಳೆ ಕಾಣುತ್ತದೆ. ಬಟಾಣಿಯಷ್ಟು ಇರಬಹುದು, ನಿಂಬೆ ಹಣ್ಣಿನಷ್ಟೂ ಇರಬಹುದು. ಚುಚ್ಚಿದರೆ ತಿಳಿ ನೀರು ಚಿಮ್ಮುತ್ತದೆ. ಇದಕ್ಕೆ ಹೈಡಾಟಿಡ್ ಗುಳ್ಳೆ ಎನ್ನುತ್ತಾರೆ. ಒಳಗಿರುವುದು ಒಂದು ಬಗೆಯ ಲಾಡಿಹುಳದ ಮರಿಗಳು. ಈ ಗುಳ್ಳೆಯನ್ನು ನಾಯಿ ಹಸಿಯಾಗಿ ತಿಂದರೆ ಅದರ ಕರುಳಲ್ಲಿ ಸಾವಿರಾರು ಹುಳ ಬೆಳೆಯುತ್ತವೆ. ಒಂದೊಂದೂ ಕೆಲವೇ ಮಿಲಿಮೀಟರ್ ಉದ್ದ, ಮಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಮೊಟ್ಟೆ ಮಾತ್ರ ಮಲದ ಜೊತೆ ಹೊರಬಂದು ಹುಲ್ಲಿಗೆ, ಸೊಪ್ಪಿಗೆ, ನಾಯಿಯ ಕೂದಲಿಗೆ ಅಂಟುತ್ತದೆ. ಕುರಿ ಆ ಹುಲ್ಲು ತಿಂದರೆ ಅದರೊಳಗೆ ಮತ್ತೆ ಗುಳ್ಳೆ. ನಾಯಿ ಸವರಿದ ಕೈಯಲ್ಲೇ ಮಗು ತಿಂಡಿ ತಿಂದರೆ ಮಗುವಿನ ಲಿವರಿನಲ್ಲೋ ಶ್ವಾಸಕೋಶದಲ್ಲೋ ಗುಳ್ಳೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಎಷ್ಟೋ ಸಲ ಆಪರೇಷನ್ ಮಾಡಿಯೇ ತೆಗೆಯಬೇಕಾಗುತ್ತದೆ.

ಕುರಿಯೂ ನಾಯಿಯೂ ತುಂಬಿರುವ ನ್ಯೂಜಿಲೆಂಡ್ ಈ ರೋಗದ ವಿರುದ್ಧ ದಶಕಗಟ್ಟಲೆ ಹೋರಾಡಿ, 2002ರಲ್ಲಿ ತಾತ್ಕಾಲಿಕವಾಗಿ ರೋಗಮುಕ್ತ ಎಂದು ಘೋಷಿಸಿಕೊಂಡಿತು. ಮಾಡಿದ್ದು ಎರಡೇ ದೊಡ್ಡ ಕೆಲಸ: ಹಸಿ ಒಳಾಂಗ ನಾಯಿಯ ಬಾಯಿಗೆ ಹೋಗದಂತೆ ತಡೆದರು, ನಾಯಿಗಳಿಗೆ ತಪ್ಪದೆ ಹುಳದ ಔಷಧಿ ಕೊಟ್ಟರು. ನಮ್ಮ ಕುರಿಗಾಹಿಗಳೂ ಇವೆರಡನ್ನೂ ಇಂದಿನಿಂದಲೇ ಮಾಡಬಹುದು.

ಕುರಿ, ಆಡು, ಎಮ್ಮೆಯ ಯಾವ ಒಳಾಂಗವನ್ನೂ ಹಸಿ ಹಾಕಬೇಡಿ. ಚಿಕ್ಕ ತುಂಡು ಮಾಡಿ ಕನಿಷ್ಠ 30 ನಿಮಿಷ ಕುದಿಸಿ. ಗುಳ್ಳೆ ಕಂಡ ಭಾಗವನ್ನು ಬೇಯಿಸಲೂ ಹೋಗದೆ ಸುಟ್ಟುಬಿಡಿ ಅಥವಾ ನಾಯಿ ಕೆದರಲಾಗದಷ್ಟು ಆಳಕ್ಕೆ ಹೂಳಿ. ತಿಪ್ಪೆಗೆ ಎಸೆದರೆ ಬೀದಿನಾಯಿ ತಿನ್ನುತ್ತದೆ, ಸುತ್ತು ಮತ್ತೆ ಶುರು. ಜಾತ್ರೆ, ಹರಕೆಗೆ ಕುರಿ ಕಡಿಯುವ ದಿನ ನಿಮ್ಮ ನಾಯಿಯನ್ನು ಕಟ್ಟಿಹಾಕಿ. ಕೋಳಿಯಲ್ಲಿ ಈ ಗುಳ್ಳೆ ಬರುವುದಿಲ್ಲ, ಅದಕ್ಕೇ ಪಟ್ಟಿಯಲ್ಲಿ ಕೋಳಿ ಲಿವರ್ ಇಟ್ಟದ್ದು.

ಕುರಿಯ ಮಾಂಸಖಂಡದಲ್ಲೂ ಬೇರೆ ಲಾಡಿಹುಳದ ಮರಿಗಳು ಇರಬಹುದು. ಮೈನಸ್ 10 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ, ಒಳಗಿನವರೆಗೂ ಗಟ್ಟಿಯಾಗುವಂತೆ 10 ದಿನ ಇಟ್ಟು ಹಾಕಿ. ಇದೂ ನ್ಯೂಜಿಲೆಂಡಿನ ಕುರಿ ಸಾಕುವವರ ನಿಯಮವೇ. ಒಂದು ಎಚ್ಚರಿಕೆ: ಫ್ರೀಜರ್ ಹುಳ ಕೊಲ್ಲುತ್ತದೆ, ಸಾಲ್ಮೊನೆಲ್ಲಾವನ್ನು ಕೊಲ್ಲುವುದಿಲ್ಲ.

ಹುಳದ ಮಾತ್ರೆ ಕೇಳುವಾಗ ಪ್ರಾಜಿಕ್ವಾಂಟೆಲ್ ಇರುವುದನ್ನೇ ಕೇಳಿ. ಕುರಿಗೆ ತಂದ ಹುಳದ ಔಷಧಿಯನ್ನೇ ಒಂದಿಷ್ಟು ನಾಯಿಗೂ ಕುಡಿಸುವುದು ಉಪಯೋಗಕ್ಕೆ ಬಾರದು, ಈ ಲಾಡಿಹುಳ ಅದರಿಂದ ಹೋಗುವುದಿಲ್ಲ. ಕುರಿ ಹಿಂಡಿನ ನಾಯಿಗೆ 6 ವಾರಕ್ಕೊಮ್ಮೆ ಕೊಡಬೇಕಾಗಬಹುದು. ತೂಕ ಹೇಳಿ ಡೋಸ್ ಬರೆಸಿಕೊಳ್ಳಿ.

ಹೈನುಗಾರಿಕೆ ಮಾಡುವವರಿಗೆ ಇನ್ನೊಂದು ಮಾತು. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು, ಕಂದು ಹಾಕಿದ ಸತ್ತ ಕರುವನ್ನು ನಾಯಿ ತಿನ್ನಲು ಬಿಡಬೇಡಿ. ನಿಯೋಸ್ಪೋರಾ ಎಂಬ ಸೂಕ್ಷ್ಮಜೀವಿ ಹೀಗೆ ನಾಯಿಗೆ ಬಂದು, ಅದರ ಮಲದಿಂದ ಮೇವಿಗೆ ಸೇರಿ, ಬೇರೆ ಹಸುಗಳೂ ಕಂದು ಹಾಕುತ್ತವೆ. ತಾನಾಗಿ ಸತ್ತ ಪ್ರಾಣಿಯ ಮಾಂಸವೂ ಬೇಡ. ಇದ್ದಕ್ಕಿದ್ದಂತೆ ಸತ್ತು ಮೂಗು ಬಾಯಲ್ಲಿ ರಕ್ತ ಬಂದಿದ್ದರೆ ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಕೊಯ್ಯದೆ, ಮುಟ್ಟದೆ ಪಶು ಆಸ್ಪತ್ರೆಗೆ ಹೇಳಿ.

5. ತಂದು ಇಡುವುದು

ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೇ ತನ್ನಿ. ಒಂದು ದಿನಕ್ಕೆ ಒಂದು ಪೊಟ್ಟಣ ಮಾಡಿ, ಚಪ್ಪಟೆಯಾಗಿ ಒತ್ತಿ ಫ್ರೀಜರಿನಲ್ಲಿಡಿ. ಚಪ್ಪಟೆಯಾದರೆ ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ. ಮನೆಯ ಅಡುಗೆ ಸಾಮಾನಿನ ಜೊತೆ ಸೇರಿಸದೆ ಬೇರೆ ಡಬ್ಬಿಯಲ್ಲಿಡಿ.

ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ. ಕಟ್ಟೆ ಮೇಲೆ ಬಿಸಿಲಲ್ಲಿ ಕರಗಿಸಬೇಡಿ. ಕರೆಂಟು ಹೋಗಿ ಮಾಂಸ ಮೆತ್ತಗಾಗಿದ್ದರೆ ಮತ್ತೆ ಗಟ್ಟಿ ಮಾಡುವುದು ಬೇಡ, ವಾಸನೆ ನೋಡಿ, ಚೆನ್ನಾಗಿದ್ದರೆ ಅವತ್ತೇ ಬೇಯಿಸಿ ಮುಗಿಸಿ. ಬೇಯಿಸುವ ಮೊದಲು ಮೂಳೆ ಬಿಡಿಸಿ.

6. ನಿಧಾನಕ್ಕೆ ಬದಲಿಸಿ

7ರಿಂದ 10 ದಿನ ತೆಗೆದುಕೊಳ್ಳಿ. ಮೊದಲ ಮೂರು ದಿನ ಹಳೆಯ ಊಟದ ಕಾಲು ಭಾಗ ತೆಗೆದು ಮೂಳೆಯಿಲ್ಲದ ಕೋಳಿ ಮಾಂಸ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಈ ದಿನಗಳಲ್ಲಿ ಮೊಟ್ಟೆ ಸಿಪ್ಪೆ ಪುಡಿ ಸಾಕು. ಮಲ ಗಟ್ಟಿಯಾದ ಮೇಲೆ ಮೂಳೆ ಸೇರಿಸಿ. ಎಲ್ಲಕ್ಕಿಂತ ಕೊನೆಗೆ ಲಿವರ್, ಅದೂ ಒಂದು ಚಮಚದಿಂದ ಶುರು. ಮೊದಲ ದಿನವೇ ಲಿವರ್ ಹಾಕಿದರೆ ಭೇದಿ ಹತ್ತುತ್ತದೆ, ಜನ "ನಮ್ಮ ನಾಯಿಗೆ ಹಸಿ ಮಾಂಸ ಆಗಿಬರಲ್ಲ" ಅಂತ ಬಿಟ್ಟೇ ಬಿಡುತ್ತಾರೆ.

7. ಹೊತ್ತು

ಮುಧೋಳದಂಥ ಆಳ ಎದೆಯ ನಾಯಿ ಹೊಟ್ಟೆ ತುಂಬಿದ ಮೇಲೆ ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ರಾತ್ರಿ ಕಾವಲಿನ ನಾಯಿಗೆ ದೊಡ್ಡ ಊಟ ಬೆಳಿಗ್ಗೆ, ಕೆಲಸ ಮುಗಿಸಿ ಒಂದೆರಡು ಗಂಟೆ ಸುಧಾರಿಸಿಕೊಂಡ ಮೇಲೆ ಹಾಕಿ. ಸಂಜೆ ಸ್ವಲ್ಪ ರೊಟ್ಟಿ, ಮಜ್ಜಿಗೆ ಸಾಕು. ಹಗಲು ಹಿಂಡಿನ ಜೊತೆ ಹೋಗುವ ನಾಯಿಗೆ ಇದೇ ತಿರುಗುಮುರುಗು. ನೀರು ಯಾವಾಗಲೂ ಇರಲಿ.

8. ಬಟ್ಟಲು, ಕೈ, ಮಲ

ಸ್ಟೀಲ್ ಬಟ್ಟಲು ಬಳಸಿ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಜಿಡ್ಡು ಉಳಿಯುತ್ತದೆ. 20 ನಿಮಿಷದಲ್ಲಿ ತಿಂದು ಬಿಟ್ಟದ್ದನ್ನು ಎತ್ತಿಬಿಡಿ, ನಮ್ಮ ಸೆಕೆಗೆ ನೊಣ ಕಾಯುತ್ತಾ ಇರುತ್ತವೆ. ಎರಡು ನಾಯಿ ಇದ್ದರೆ ಒಂದಕ್ಕೊಂದು ಕಾಣದಂತೆ ಕಟ್ಟಿ ಹಾಕಿ. ಪೈಪೋಟಿಯಲ್ಲಿ ಮೂಳೆ ನುಂಗುವುದೇ ಜಾಸ್ತಿ.

ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಹನಿ ಸುತ್ತಲೂ ಸಿಡಿಯುತ್ತದೆ. ಬೇರೆ ಚಾಕು, ಬೇರೆ ಮಣೆ ಇರಲಿ. ಬಟ್ಟಲನ್ನು ಸೋಪು, ಬಿಸಿ ನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಊಟದ ಬೆನ್ನಿಗೇ ಮಕ್ಕಳ ಮುಖ ನೆಕ್ಕಲು ಬಿಡಬೇಡಿ. ಮಲವನ್ನು ದಿನಾ ಎತ್ತಿ ಹೂಳಿ. ಕೊತ್ತಂಬರಿ, ಪಾಲಕ್ ಬೆಳೆಯುವ ಮಡಿಗೆ ನಾಯಿ ಹೋಗದಂತೆ ಬೇಲಿ ಹಾಕಿ.

9. ಮಲ ನೋಡುತ್ತಿರಿ

ಸರಿಯಾಗಿದ್ದರೆ ಮಲ ಕಡಿಮೆ, ಗಟ್ಟಿ, ಕಂದು ಬಣ್ಣ. ಸುಣ್ಣದಂತೆ ಬೆಳ್ಳಗೆ ಪುಡಿಯಾಗಿ ಬಂದರೆ ಅಥವಾ ನಾಯಿ ತಿಣುಕುತ್ತಿದ್ದರೆ ಮೂಳೆ ಜಾಸ್ತಿಯಾಗಿದೆ, ಅರ್ಧ ಮಾಡಿ. ತೆಳ್ಳಗಾದರೆ ಲಿವರ್ ಅಥವಾ ಕೊಬ್ಬು ಜಾಸ್ತಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ.

ಡಾಂಬರಿನಂಥ ಕಪ್ಪು ಮಲ, ರಕ್ತ, ಮತ್ತೆ ಮತ್ತೆ ವಾಂತಿ, ಬರೀ ಓಕರಿಕೆ ಬಂದು ಹೊಟ್ಟೆ ತಮಟೆಯಂತೆ ಬಿಗಿಯುವುದು, ಒಂದು ದಿನ ಪೂರ್ತಿ ಮಲ ಬರದೆ ಊಟ ಬಿಡುವುದು: ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಉತ್ತರ ಕರ್ನಾಟಕದವರಿಗೆ, ಮುಧೋಳ ತಳಿಯ ಬಗ್ಗೆ ವಿಶೇಷವಾಗಿ ಕೇಳುವುದಿದ್ದರೆ, ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. ಎಲ್ಲಿಗೇ ಹೋದರೂ ಹಸಿ ಮಾಂಸ, ಮೂಳೆ ಹಾಕುತ್ತಿದ್ದೇವೆ ಎಂದು ಮೊದಲೇ ಹೇಳಿ. ಕೊನೆಯ ಊಟ ಯಾವಾಗ, ಅದರಲ್ಲಿ ಯಾವ ಮೂಳೆ ಇತ್ತು ಎಂಬುದೂ ನೆನಪಿರಲಿ. ಎಕ್ಸ್‌ರೇಯಲ್ಲಿ ಏನನ್ನು ಹುಡುಕಬೇಕು ಎಂದು ಡಾಕ್ಟರಿಗೆ ಅದರಿಂದಲೇ ತಿಳಿಯುವುದು.